ಬಾ, ಬ್ಯಾಡ, ನಡಿ

ಪಾರ್ವತಿಯ ಮಂಚದ ಕೆಳಗೆ ಸಾಲಾಗಿ ಕೊಡಗಳಿದ್ದವು. ಪ್ಲಾಸ್ಟಿಕ್ಕಿನವು, ಸ್ಟೀಲಿನವು, ಹೊಟ್ಟೆ ಜಜ್ಜಿಹೋದ ಅಲ್ಯೂಮಿನಿಯಮ್ಮಿನದು ಒಂದು. ಯಾವುದರಲ್ಲೂ ನೀರಿರಲಿಲ್ಲ. ವಡೋದರದ ಆ ಮಹಿಳಾ ಆಶ್ರಯಕೇಂದ್ರದಲ್ಲಿ ಬೇರೆ ಯಾವ ಹುಡುಗಿಯ ಮಂಚದ ಕೆಳಗೂ ಒಂದು ಜೊತೆ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ.

"ಬಹಳ ಒಳ್ಳೆಯ ಹುಡುಗಿ," ಎಂದರು ಕೇಂದ್ರದ ಮೇಲ್ವಿಚಾರಕಿ ಸರಸ್ವತಿಬೆನ್, ಗುಜರಾತಿ ಬೆರೆತ ಹಿಂದಿಯಲ್ಲಿ. "ಆದರೆ ಕೊಡದ ಹುಚ್ಚು. ಚಹಾ ಕೊಟ್ಟರೆ ಕೊಡ ಕೇಳುತ್ತಾಳೆ. ರೊಟ್ಟಿ ಕೊಟ್ಟರೆ ಕೊಡ ಕೇಳುತ್ತಾಳೆ. ಎಲ್ಲ ಕಳೆದುಕೊಂಡು ಬಂದವಳು, ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಅಂತ ನಾವೂ ತಂದುಕೊಡುತ್ತಾ ಇದ್ದೇವೆ."

ನಾನು ಕೊಡ ನೋಡಲು ಬಂದವಳಲ್ಲ. ನಾನು ವಿಮಾ ಕಚೇರಿಯ ಕ್ಲೇಮು ವಿಭಾಗದವಳು. ಊರು ತುಮಕೂರಿನ ಕಡೆ, ಈಗ ಮನೆ ಇದೇ ವಡೋದರದ ಗೋರ್ವಾದಲ್ಲಿ. ಗಂಡ ಹೃಷಿಕೇಶ ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದಾನೆ. ಶನಿವಾರ ಬಂದು ಸೋಮವಾರ ಹೋಗುವ ಮನುಷ್ಯ. ಮಿಕ್ಕ ದಿನಗಳಲ್ಲಿ ಅಡುಗೆ, ಕಚೇರಿ, ಎಂಟನೇ ಕ್ಲಾಸಿನ ಮಗಳು ಸಂಜನಾ, ಅವಳ ಬೀಜಗಣಿತ, ನನ್ನ ಬೆನ್ನುನೋವು ಎಲ್ಲವೂ ನನ್ನೊಬ್ಬಳ ಪಾಲಿನವು. ಇದರ ನಡುವೆ ನಮ್ಮ ಕನ್ನಡ ಬಳಗದ ಅಧ್ಯಕ್ಷ ದಿವಾಕರ ಅವರಿಗೆ ಸೂರತ್ತಿನಿಂದ ಒಂದು ಪತ್ರ ಬಂತು. ಮಾನವ ಕಳ್ಳಸಾಗಣೆಯ ಪ್ರಕರಣವೊಂದರಲ್ಲಿ ಪಾರಾಗಿ ಬಂದ ಹುಡುಗಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ನ್ಯಾಯಾಲಯದಲ್ಲಿ ಅವಳ ಮಾತನ್ನು ಹಿಂದಿಗೆ ಹೇಳುವ ದುಭಾಷಿ ಬೇಕು ಎಂದು.

ದಿವಾಕರ ಅವರು ರೈಲ್ವೆಯಿಂದ ನಿವೃತ್ತರಾದ ಮೇಲೆ ಬಳಗವನ್ನೇ ಉಳಿದ ಸರ್ವೀಸು ಎಂದು ತಿಳಿದವರು. "ನೀನು ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡ್ತೀಯಲ್ಲಮ್ಮ ಕಾಮಾಕ್ಷಿ, ಇದೂ ಅಂಥದ್ದೇ," ಎಂದರು ಫೋನಿನಲ್ಲಿ. "ಯಾರೋ ಮಾತಾಡ್ತಾರೆ, ಮಧ್ಯೆ ಮಧ್ಯೆ ನೀನು ಎರಡು ಮಾತು ಸೇರಿಸ್ತೀಯ." ಸೇರಿಸುವ ಹಾಗಿಲ್ಲ, ಹೇಳಿದ್ದನ್ನಷ್ಟೇ ಹೇಳಬೇಕು ಎಂದೆ. ಅದೂ ಆಗುತ್ತೆ ಬಿಡು ಎಂದವರು, ಫೋನು ಇಡುವ ಮೊದಲು, ನ್ಯಾಯಾಧೀಶರಿಗೆ ಬಳಗದ ವತಿಯಿಂದ ಒಂದು ಶಾಲು ಹೊದಿಸಬಹುದೇ ಎಂದು ವಿಚಾರಿಸಿದರು.

ಹೀಗೆ ನಾನು ಪಾರ್ವತಿಯ ಮಂಚದ ತುದಿಯಲ್ಲಿ ಕುಳಿತೆ. ಇಪ್ಪತ್ತು ವರ್ಷವೆಂದು ಹೇಳಿದ್ದರು; ಹದಿನಾರರಂತೆ ಕಂಡಳು. ಬೆರಳುಗಳ ತುದಿಯಲ್ಲಿ ಅಂಟು ಒಣಗಿ ಎದ್ದ ಸಿಪ್ಪೆಯ ಗುರುತು ಇನ್ನೂ ಇತ್ತು. ಊಟ ಆಯಿತೇನಮ್ಮ ಎಂದು ಕನ್ನಡದಲ್ಲಿ ಕೇಳಿದೆ. ಅವಳು ನನ್ನ ಬಾಯಿಯನ್ನೇ ನೋಡಿದಳು, ಅಲ್ಲಿಂದ ಇನ್ನೂ ಏನಾದರೂ ಬರಬಹುದು ಎಂಬಂತೆ. ಆಮೇಲೆ ಸರಸ್ವತಿಬೆನ್ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು:

"ಅಕ್ಕಾರ, ಈ ಊರಾಗ ಬ್ಯಾಡ ಅಂದ್ರ ಕೊಡ ಯಾಕ ಕೊಡ್ತಾರ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗುಜರಾತಿನಲ್ಲಿ ಹೆಂಗಸರು ತಲೆಯ ಮೇಲೆ ಒಂದರ ಮೇಲೊಂದು ಇಟ್ಟು ನೀರು ತರುವ ಜೋಡಿ ಬಿಂದಿಗೆಗೆ ಬೇಡು ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚಾದರೆ ಬೇಡಾ. ಕೊಪ್ಪಳದ ಕಡೆಯ ಈ ಹುಡುಗಿಯ 'ಬ್ಯಾಡ' ಇವರ ಕಿವಿಗೆ ಬೇಡಾ ಆಗಿತ್ತು. ಬಂದಾಗಿನಿಂದ ಅವಳು ಚಹಾ ಬ್ಯಾಡ, ರೊಟ್ಟಿ ಬ್ಯಾಡ, ಹೊದಿಕೆ ಬ್ಯಾಡ ಎನ್ನುತ್ತಲೇ ಇದ್ದಳು. ಇವರು ಕರುಣೆಯಿಂದ ಒಂದೊಂದೇ ಕೊಡ ತಂದು ಮಂಚದ ಕೆಳಗೆ ಸೇರಿಸುತ್ತಲೇ ಇದ್ದರು. ತಲೆಯಾಡಿಸಿ ನೋಡಿದಳಂತೆ. ಈ ಕೊಡ ಒಲ್ಲೆ ಎನ್ನುತ್ತಿದ್ದಾಳೆಂದು ತಿಳಿದು ಬೇರೆ ಬಣ್ಣದ್ದು ತಂದರಂತೆ.

ನನಗೆ ನಗು ಬಂತು. ಸರಸ್ವತಿಬೆನ್‌ಗೆ ವಿವರಿಸಿದೆ. ಅವರು ಮೊದಲು ಬಾಯಿಗೆ ಕೈ ಇಟ್ಟುಕೊಂಡರು, ಆಮೇಲೆ ಮಂಚದ ಕೆಳಗೆ ನೋಡಿದರು, ಆಮೇಲೆ ಅವರ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ, ಪೊಲೀಸರು ಸೂರತ್ತಿನಲ್ಲಿ ಬರೆದುಕೊಂಡ ಪಾರ್ವತಿಯ ಹೇಳಿಕೆಯ ಪ್ರತಿಯನ್ನು ತಂದು ಗುಜರಾತಿಯಲ್ಲಿ ಓದಿದರು. ಅದರಲ್ಲಿ ಮುಖ್ಯವಾದ ಸಾಲು ಇಷ್ಟೇ: "ನನ್ನ ಬಾ ಬೇಡಾ ತೆಗೆದುಕೊಂಡು ನದಿಗೆ ಕರೆದೊಯ್ದಳು. ಅಲ್ಲಿಂದ ನಾನು ಸೂರತ್ತಿಗೆ ಬಂದೆ."

ಬಾ ಎಂದರೆ ಗುಜರಾತಿಯಲ್ಲಿ ತಾಯಿ.

ಇದು ನನ್ನ ಮನೆಯ ಹಳೆಯ ತಮಾಷೆ. ಸಂಜನಾ ಇಲ್ಲಿಯೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅಡುಗೆಮನೆ ದಾಟುವುದಿಲ್ಲ. ಊಟಕ್ಕೆ ಬಾ ಎಂದು ಕೂಗಿದರೆ, "ಬಾ ನಾನಲ್ಲ, ನೀನು," ಎಂದು ರೂಮಿನಿಂದಲೇ ಉತ್ತರ ಕೊಡುತ್ತಾಳೆ. ದಿನಾ ಕೇಳಿ ಕೇಳಿ ನನಗೆ ಬೇಸರವಾದ ಆ ತಮಾಷೆ ಇಲ್ಲಿ ಮೊಹರು ಬಿದ್ದ ಕಾಗದದ ಮೇಲೆ ಕುಳಿತಿತ್ತು.

ಪೊಲೀಸರಿಗೆ ನೀನು ಏನು ಹೇಳಿದೆ, ಹಾಗೇ ಹೇಳು ಎಂದು ಪಾರ್ವತಿಯನ್ನು ಕೇಳಿದೆ. ಅವಳು ಹೇಳಿದಳು:

"ಬಾ ಅಂದ್ಲು. ಬ್ಯಾಡ ಅಂದ್ನಿ. ನಡಿ ಅಂದ್ಲು."

ಹೇಳಿದವಳು ತಾಯಿಯಲ್ಲ, ಕಸ್ತೂರಿ ಎಂಬ ಹೆಂಗಸು. ಪಾರ್ವತಿಯ ಊರಿನವರ ನೆಂಟಳು, ಸೂರತ್ತಿನಲ್ಲಿ ಬಹಳ ವರ್ಷದಿಂದ ಇದ್ದವಳು. ಊರಿನ ಮದುವೆಯೊಂದಕ್ಕೆ ಬಂದಾಗ ಸೀರೆಗೆ ಹರಳು ಅಂಟಿಸುವ ಕೆಲಸ ಕೊಡಿಸುತ್ತೇನೆ ಎಂದಳು. ಪಾರ್ವತಿ ಹೂಂ ಎಂದಳು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಕಸ್ತೂರಿ, ನಿಮ್ಮವ್ವಗ ಹೇಳಬ್ಯಾಡ, ಹೋಗಿ ಮುಟ್ಟಿದ ಮ್ಯಾಲ ಫೋನ್ ಮಾಡೂಣಂತ ಎಂದಾಗ ಇವಳಿಗೆ ಅಳುಕು ಹುಟ್ಟಿತು. ಬ್ಯಾಡ ಎಂದಳು. ಅಷ್ಟರಲ್ಲಿ ಅವಳ ಚೀಲ, ಚೀಲದೊಳಗೆ ಆಧಾರ ಕಾರ್ಡು, ಬಸ್ಸಿನ ಒಳಗೆ ಹೋಗಿಬಿಟ್ಟಿತ್ತು. ನಡಿ ಎಂದು ಕಸ್ತೂರಿ ರಟ್ಟೆ ಹಿಡಿದಳು. ಸೂರತ್ತಿನಲ್ಲಿ ನಾಲ್ಕನೇ ಮಹಡಿಯ ಮನೆ, ಹೊರಗಿನಿಂದ ಬೀಗ, ದಿನವಿಡೀ ಹರಳು ಮತ್ತು ಅಂಟು. ಕೆಲವು ತಿಂಗಳ ನಂತರ, ಅವಳ ಅಪ್ಪನ ವಯಸ್ಸಿನ ಒಬ್ಬ ಬಂದು ನೋಡಿಹೋದ. ಮದುವೆ ಗೊತ್ತಾಗಿದೆ ಎಂದರು. ಸೀರೆಯ ಗಂಟು ಬಂದು ಬಾಗಿಲು ತೆರೆದಿದ್ದ ಹೊತ್ತಿನಲ್ಲಿ ಇವಳು ಮೆಟ್ಟಿಲಿಳಿದು, ಎದುರಿಗೆ ಕಂಡ ಬಿಆರ್‌ಟಿಎಸ್ ಬಸ್ಸು ಹತ್ತಿ, ಊರಿನ ಈ ಕೊನೆಯಿಂದ ಆ ಕೊನೆಗೆ ಇಳಿಯದೆ ಓಡಾಡಿದಳು. ಕಂಡಕ್ಟರನೇ ಪೊಲೀಸರನ್ನು ಕರೆದ. ಅವರು ಹೇಳಿಕೆ ಬರೆದುಕೊಂಡು ಅವಳನ್ನು ವಡೋದರದ ಈ ಕೇಂದ್ರಕ್ಕೆ ಕಳಿಸಿದ್ದರು.

ಹೇಳಿಕೆ ಬರೆದ ಹೆಡ್‌ಕಾನ್‌ಸ್ಟೇಬಲ್ ಕೆಟ್ಟವನಲ್ಲ. ಹಿಂದೆ ಹೈದರಾಬಾದಿನಲ್ಲಿ ಕೆಲವು ಕಾಲ ಡ್ಯೂಟಿ ಮಾಡಿದ್ದನಾದ್ದರಿಂದ ಠಾಣೆಯಲ್ಲಿ ದಕ್ಷಿಣದ ಭಾಷೆಗಳೆಲ್ಲ ಅವನ ಪಾಲಿಗೆ ಬಿದ್ದಿದ್ದವು. ಅವನು ತನಗೆ ತಿಳಿದ ಮೂರು ಮಾತು ಹಿಡಿದ: ತಾಯಿ, ಬಿಂದಿಗೆ, ನದಿ. ಮೂರೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ ಅನುಮಾನ ಪಡಲು ಜಾಗವೇ ಇರಲಿಲ್ಲ.

ಮುಂದಿನ ವಾರ ಸೂರತ್ತಿಗೆ ಹೋಗಿ ಸರ್ಕಾರಿ ವಕೀಲೆ ದೀಪ್ತಿಬೆನ್‌ಗೆ ಇದನ್ನೆಲ್ಲ ಹೇಳಿದೆ. ಅವರು ನನ್ನಷ್ಟೂ ನಗಲಿಲ್ಲ. ಸುಮ್ಮನೆ ಎದ್ದು ಹೋಗಿ, ಕೋಣೆಯ ಮೂಲೆಯಿಂದ ಎರಡು ತಾಮ್ರದ ಬಿಂದಿಗೆಗಳನ್ನು ತಂದು ಮೇಜಿನ ಮೇಲಿಟ್ಟರು. ಎರಡರ ಕೊರಳಿಗೂ ದಾರ, ದಾರಕ್ಕೆ ಅರಗಿನ ಮುದ್ರೆ.

"ಮುದ್ದೆಮಾಲು," ಎಂದರು.

ಹೇಳಿಕೆಯಲ್ಲಿ ನದಿ ಎಂದಿದ್ದರಿಂದ ಪೊಲೀಸರು ತಾಪಿ ನದಿಗೆ ಹೋಗಿ ಪಂಚನಾಮೆ ಮಾಡಿದ್ದರು. ಬಿಂದಿಗೆ ಎಂದಿದ್ದರಿಂದ ಬಿಂದಿಗೆ ಹುಡುಕಿದ್ದರು. ಯಾರೋ ಘಾಟಿನ ಮೆಟ್ಟಿಲ ಮೇಲೆ ಬಿಟ್ಟುಹೋದ ಇವೆರಡು ಸಿಕ್ಕಿದ್ದವು. ಪಂಚನಾಮೆಯಲ್ಲಿ ನದಿಯ ಅಗಲ, ಗಾಳಿಯ ದಿಕ್ಕು, ಮೆಟ್ಟಿಲ ಮೇಲಿನ ನಾಯಿ ಎಲ್ಲ ಬಂದು, ಕೊನೆಗೆ ಹೀಗಿತ್ತು: ನೀರು ಹರಿಯುತ್ತಿತ್ತು, ಬಾ ಕಾಣಿಸಲಿಲ್ಲ.

ಕಾಣಿಸದ ಬಾ ಈಗ ಎರಡನೆಯ ಆರೋಪಿ. ಮೊದಲನೆಯವಳು ಕಸ್ತೂರಿ, ಜೈಲಿನಲ್ಲಿದ್ದಳು. ಅವಳ ವಕೀಲ ಜಾಮೀನು ಕೇಳಿದ್ದ. ಹುಡುಗಿಯನ್ನು ತಂದವಳು ಹೆತ್ತ ತಾಯಿ, ನನ್ನ ಕಕ್ಷಿದಾರಳು ಪಾಪ ಇರಲು ಜಾಗ ಕೊಟ್ಟವಳು, ಅವಳಿಗೆ ಕನ್ನಡ ಮರೆತುಹೋಗಿ ಎಷ್ಟೋ ವರ್ಷವಾಯಿತು, ಹುಡುಗಿಯನ್ನು ಕರೆಯುವುದಾದರೂ ಯಾವ ಭಾಷೆಯಲ್ಲಿ ಎಂಬುದು ಅವನ ವಾದ. ತಾಯಿಯೇ ಆರೋಪಿಯಾದ್ದರಿಂದ ಪಾರ್ವತಿಯನ್ನು ಮನೆಗೆ ಕಳಿಸುವಂತಿರಲಿಲ್ಲ. ತಾಯಿಯ ಜೊತೆ ಫೋನಿನಲ್ಲಿ ಮಾತಾಡಿಸುವಂತೆಯೂ ಇರಲಿಲ್ಲ. ಆರೋಪಿ ಸಂತ್ರಸ್ತೆಯನ್ನು ಬೆದರಿಸಬಾರದಲ್ಲ.

ಕಾಗದ ತಿದ್ದಿಬಿಡಿ ಎಂದೆ. ಕ್ಲೇಮು ವಿಭಾಗದಲ್ಲಿ ನಾವು ದಿನವೂ ತಿದ್ದುತ್ತೇವೆ. ದೀಪ್ತಿಬೆನ್ ತಲೆಯಾಡಿಸಿದರು. ಹುಡುಗಿಯ ಹೆಬ್ಬೆಟ್ಟು ಬಿದ್ದಿದೆ. ಈಗ ನಾವು ತಿದ್ದಿದರೆ, ಕತೆ ಬದಲಾಯಿಸಿದರು ಎನ್ನುತ್ತಾರೆ. ಅವಳ ಬಾಯಿಂದಲೇ ನ್ಯಾಯಾಧೀಶರ ಮುಂದೆ ಬರಬೇಕು. "ಆ ದಿನ 'ಬ್ಯಾಡ' ದಾಖಲಾದರೆ ತಾಯಿ ಮಗಳು ಮನೆಗೆ. 'ಬೇಡಾ' ಉಳಿದರೆ ಕಸ್ತೂರಿ ಮನೆಗೆ, ತಾಯಿ ಒಳಗೆ. ಇಷ್ಟೇ," ಎಂದರು.

ತಾಯಿ ಹುಲಿಗೆವ್ವನಿಗೆ ಸಮನ್ಸು ಗುಜರಾತಿಯಲ್ಲಿ ಹೋಯಿತು. ಅವರ ಠಾಣೆಯವರು ಅದನ್ನು ಓದಲಾಗದೆ ಒಂದು ಕಾಗದ ಲಗತ್ತಿಸಿ ಕನ್ನಡದಲ್ಲಿ ವಾಪಸು ಕಳಿಸಿದರು. ಅದನ್ನು ಸೂರತ್ತಿನವರು ಓದಲಾಗದೆ ನನಗೆ ಕಳಿಸಿದರು. ಅದರಲ್ಲಿ, ದಯವಿಟ್ಟು ನಮಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ ಎಂದಿತ್ತು.

ಅಷ್ಟರಲ್ಲಿ ನನಗೇ ಒಂದು ತೊಡಕು ಬಂತು. ನನಗೆ ಕನ್ನಡ ಬರುತ್ತದೆ ಎಂಬುದಕ್ಕೆ ಪುರಾವೆ ಏನು ಎಂದು ನ್ಯಾಯಾಲಯದ ಕಚೇರಿಯವರು ಕೇಳಿದರು. ದಿವಾಕರ ಅವರು ಬಳಗದ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು. ದಿವಾಕರ ಅವರಿಗೆ ಕನ್ನಡ ಬರುತ್ತದೆ ಎಂಬುದಕ್ಕೆ ಪುರಾವೆ ಏನು ಎಂದು ಮರುಪ್ರಶ್ನೆ ಬಂತು. "ನಾನ್ಯಾರ ಹತ್ರ ಬರೆಸಿಕೊಂಡು ಬರಲಿ, ನನ್ನ ಹೆಂಡ್ತಿ ಹತ್ರಾನಾ?" ಎಂದು ಅವರು ನನ್ನ ಮೇಲೆ ರೇಗಿದರು. "ಅವಳು ಬೇಕಾದರೆ ಬರೋದಿಲ್ಲ ಅಂತ ಬರೆದುಕೊಟ್ಟಾಳು." ಕೊನೆಗೆ ತವರಿನ ಅಟ್ಟದಿಂದ, ಹೈಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಎರಡನೆಯ ಬಹುಮಾನ ಬಂದಿದ್ದ ಪ್ರಶಸ್ತಿಪತ್ರ ತರಿಸಿಕೊಟ್ಟೆ. ಅದು ಕನ್ನಡದಲ್ಲಿರುವುದರಿಂದ ಅಧಿಕೃತ ದುಭಾಷಿಯಿಂದ ಅನುವಾದವಾಗಬೇಕು ಎಂದರು. ನಾನೇ ಅನುವಾದ ಮಾಡಿ, ಅಧಿಕೃತ ದುಭಾಷಿ ಎಂದು ಸಹಿ ಹಾಕಿ ಕೊಟ್ಟೆ. ಆ ಅನುವಾದದ ಆಧಾರದ ಮೇಲೆ ನನ್ನನ್ನು ಅಧಿಕೃತ ದುಭಾಷಿ ಮಾಡಿದರು. ಪ್ರಬಂಧದ ವಿಷಯ ನೀರಿನ ಮಿತ ಬಳಕೆ. ಅದನ್ನೂ ಗುಮಾಸ್ತರು ಓದಿ, ಕೇಸಿಗೆ ಸಂಬಂಧಪಟ್ಟಿದೆ ಎಂದು ಮೆಚ್ಚಿ ತಲೆದೂಗಿದರು.

ಸಾಕ್ಷಿಯ ದಿನ ಸಂಜನಾಳ ಡಬ್ಬಿ ಕಟ್ಟಿ, ಪಕ್ಕದ ಮನೆಗೆ ಕೀಲಿ ಕೊಟ್ಟು, ಪಾರ್ವತಿ ಮತ್ತು ಸರಸ್ವತಿಬೆನ್ ಜೊತೆ ರೈಲು ಹತ್ತಿದೆ. ಪಾರ್ವತಿಯನ್ನು ಹಿಂಬಾಗಿಲಿನಿಂದ ಒಳಗೆ ಕರೆದೊಯ್ದರು, ಏಕೆಂದರೆ ಮುಂಬಾಗಿಲಿನ ಮೊಗಸಾಲೆಯಲ್ಲಿ ಅವಳ ತಾಯಿ ಕುಳಿತಿದ್ದಳು.

ಹುಲಿಗೆವ್ವ ಬೆಂಚಿನ ತುದಿಯಲ್ಲಿ, ಪಕ್ಕದಲ್ಲಿ ಊರಿನ ಪೊಲೀಸಿನವನನ್ನು ಇಟ್ಟುಕೊಂಡು, ಸೆರಗಿನ ಗಂಟು ಬಿಚ್ಚುತ್ತ ಕಟ್ಟುತ್ತ ಕುಳಿತಿದ್ದಳು. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ನನ್ನ ಕೈ ಹಿಡಿದಳು.

"ಅಕ್ಕಾರ, ಮಗಳ್ನ ನೀರಿಗೆ ಕಳಿಸಿದ್ರ ಈ ಊರಾಗ ಕೇಸ್ ಹಾಕ್ತಾರಂತ ಹೌದೇನ್ರಿ? ನಾ ಎಂದೂ ಕಳಿಸಿಲ್ರಿ. ನಮ್ಮನಿ ಮುಂದ ನಳ ಐತಿ." ಪೊಲೀಸಿನವನ ಕಡೆ ತಿರುಗಿ, "ಹೇಳೋ ತಮ್ಮಾ, ನೀನು ನೋಡಿಯಲ್ಲ ನಳ?" ಎಂದಳು. ಅವನು ನೋಡಿದ್ದೇನೆ ಎಂದು ಗಂಭೀರವಾಗಿ ಒಪ್ಪಿಕೊಂಡ. ಪಾರಿ ಹೆಂಗದಾಳ, ದಪ್ಪ ಆಗ್ಯಾಳೋ ಸಣ್ಣ ಆಗ್ಯಾಳೋ, ಗೋಡೆಯ ಆಚೆ ಇದ್ದರೆ ಕೆಮ್ಮಲಿಕ್ಕಾದರೂ ಹೇಳಿರಿ, ದನಿ ಕೇಳುತ್ತೇನೆ ಎಂದಳು. ನಾನು ಏನೂ ಹೇಳುವಂತಿರಲಿಲ್ಲ. ನಾನು ದುಭಾಷಿ, ಅವಳು ಆರೋಪಿ. ಕೈ ಬಿಡಿಸಿಕೊಂಡು ಒಳಗೆ ಹೋದೆ.

ಒಳಗೆ ಬಾಗಿಲು ಮುಚ್ಚಿ ವಿಚಾರಣೆ ನಡೆಯಿತು. ಪಾರ್ವತಿಗೂ ಕಸ್ತೂರಿಗೂ ನಡುವೆ ಹಸಿರು ಬಟ್ಟೆಯ ಪರದೆ. ಆಚೆ ಮಹಿಳಾ ಪೊಲೀಸಿನ ಪಕ್ಕ ಕಸ್ತೂರಿಯ ನೆರಳು. ಮೇಜಿನ ಮೇಲೆ ಎರಡು ಬಿಂದಿಗೆ. ಕನ್ನಡದಲ್ಲಿ ಈ ಕೋಣೆಯಲ್ಲಿ ಯಾರು ಏನೇ ಆಡಿದರೂ ಕೂಡಿಸದೆ ಕಳೆಯದೆ ಹೇಳುತ್ತೇನೆ ಎಂದು ನನ್ನಿಂದ ಪ್ರಮಾಣ ಮಾಡಿಸಿದರು. ದಿವಾಕರ ಅವರ ಶಾಲು ನನ್ನ ಚೀಲದಲ್ಲೇ ಇತ್ತು.

ದೀಪ್ತಿಬೆನ್ ಕೇಳಿದರು, ಬಸ್‌ಸ್ಟ್ಯಾಂಡಿನಲ್ಲಿ ಏನಾಯಿತು? ಪಾರ್ವತಿ ನನ್ನನ್ನು ನೋಡಿಕೊಂಡು ಹೇಳಿದಳು. ಬಾ ಅಂದ್ಲು. ಬ್ಯಾಡ ಅಂದ್ನಿ. ನಡಿ ಅಂದ್ಲು. ನಾನು ಹಿಂದಿಗೆ ಹೇಳಿದೆ: ಆಜಾ ಎಂದಳು, ನಹೀ ಎಂದೆ, ಚಲ್ ಎಂದಳು.

ಕಸ್ತೂರಿಯ ವಕೀಲ ಎದ್ದ. ಸಾಕ್ಷಿಯ ಹೆಬ್ಬೆಟ್ಟಿರುವ ಹೇಳಿಕೆಯಲ್ಲಿ ಬಿಂದಿಗೆ ಎಂದು ಸ್ಪಷ್ಟವಾಗಿದೆ, ಈಗ ಅದು ನಹೀ ಹೇಗಾಯಿತು ಎಂದ. ಆ ಮಾತೇ ತಪ್ಪು ಕೇಳಿಸಿಕೊಂಡದ್ದು ಎಂದರು ದೀಪ್ತಿಬೆನ್. ವಕೀಲ ಬಿಂದಿಗೆಗಳ ಬಳಿಗೆ ನಡೆದು ದೊಡ್ಡದರ ಮೇಲೆ ಬೆರಳಿನಿಂದ ತಟ್ಟಿದ. ಅದು ಠಣ್ ಎಂದಿತು.

"ಸ್ವಾಮಿ, ಅವಳು ಬಿಂದಿಗೆ ಅಂದೇ ಇಲ್ಲ ಅನ್ನುವುದಾದರೆ, ಬಿಂದಿಗೆ ಎಲ್ಲಿಂದ ಬಂತು? ಸಿಕ್ಕಿದೆಯಲ್ಲ? ಹೇಳಿದ್ದಕ್ಕೇ ಹುಡುಕಿದ್ದಾರೆ, ಹುಡುಕಿದ್ದಕ್ಕೇ ಸಿಕ್ಕಿದೆ. ಸುಳ್ಳು ಮಾತು ಹೀಗೆ ಶಬ್ದ ಮಾಡುತ್ತದೆಯೇ?"

ನ್ಯಾಯಾಧೀಶರು ಬಿಂದಿಗೆಯನ್ನು ನೋಡಿದರು. ವಾದದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವವರಂತೆ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ವಕೀಲನಿಗೆ ಉತ್ಸಾಹ ಬಂತು. ಇನ್ನೊಂದು ವಿಷಯವಿದೆ ಎಂದ. ನಹೀ ಎಂಬುದಕ್ಕೆ ನಿಮ್ಮ ಭಾಷೆಯಲ್ಲಿ ಏನು ಎಂದು ನನ್ನನ್ನು ಕೇಳಿದ. ಬೇಡ ಎಂದೆ. ಸಾಕ್ಷಿ ಹೇಳಿದ್ದು? ಬ್ಯಾಡ ಎಂದೆ. ಆತ ಎರಡೂ ಕೈ ಚೆಲ್ಲಿ, ದುಭಾಷಿಯ ಕನ್ನಡ ಬೇರೆ, ಸಾಕ್ಷಿಯ ಕನ್ನಡ ಬೇರೆ, ಇವರಿಬ್ಬರ ನಡುವೆಯೇ ಒಬ್ಬ ದುಭಾಷಿ ಬೇಕಾಗಿದೆ ಎಂದ.

"ನಮ್ಮ ಜವಾನ ರಮಣಭಾಯಿ ಸೂರತ್ತಿಗೆ ಹೂರತ್ ಅನ್ನುತ್ತಾನೆ," ಎಂದರು ನ್ಯಾಯಾಧೀಶರು. "ಹಾಗಂತ ಇದನ್ನು ಎರಡು ಊರು ಮಾಡಲೇ? 'ಯ' ಸೇರಿದರೆ ಭಾಷೆ ಬದಲಾಗುವುದಿಲ್ಲ. ಆದರೆ ಬಿಂದಿಗೆಯ ಮಾತು..." ಅಲ್ಲಿಗೆ ನಿಲ್ಲಿಸಿದರು. ಅವರಿಗೂ ದಾರಿ ಕಾಣುತ್ತಿರಲಿಲ್ಲ. ನಾನು ಬಾಯಿ ತೆರೆಯುವಂತಿರಲಿಲ್ಲ, ದುಭಾಷಿ ಸಾಕ್ಷಿಯಲ್ಲ. ನನ್ನ ಮನೆಯ ಊಟದ ತಮಾಷೆ, ಮಂಚದ ಕೆಳಗಿನ ಕೊಡಗಳ ಸಾಲು ಎಲ್ಲ ನನ್ನಲ್ಲೇ ಉಳಿದವು.

ಪಾರ್ವತಿ ಒಣಗಿದ ತುಟಿ ಸವರಿಕೊಂಡಳು. ಅದನ್ನು ನೋಡಿದ ನ್ಯಾಯಾಧೀಶರು ಬಾಗಿಲ ಆಚೆ ಇದ್ದ ಜವಾನ ರಮಣಭಾಯಿಯನ್ನು ಕರೆದು ಹುಡುಗಿಗೆ ನೀರು ಕೊಡು ಎಂದರು. ಒಳಗೆ ನಡೆದ ವಾದ ಒಂದೂ ಕೇಳದ ರಮಣಭಾಯಿ ಗಾಜಿನ ಲೋಟದಲ್ಲಿ ನೀರು ತಂದು ಅವಳ ಮುಂದೆ ಹಿಡಿದ.

"ಬ್ಯಾಡ," ಎಂದಳು ಪಾರ್ವತಿ.

ರಮಣಭಾಯಿ ಲೋಟವನ್ನು ನೋಡಿಕೊಂಡ. ಹುಡುಗಿಯನ್ನು ನೋಡಿದ. ಸುತ್ತಲೂ ನೋಡಿದ. ಮೇಜಿನ ಮೇಲೆ ಬಿಂದಿಗೆ ಕಂಡಿತು. ಒಳ್ಳೆಯ ಮನಸ್ಸಿನ ಮನುಷ್ಯ; ಹೆಗಲ ಬಟ್ಟೆಯಿಂದ ಸಣ್ಣ ಬಿಂದಿಗೆಯ ಧೂಳು ಒರೆಸಿ, ಅರಗಿನ ಮುದ್ರೆ ಸಮೇತ ತಂದು ಅವಳ ಕೈಗೆ ಕೊಡಲು ಹೋದ.

ಟೈಪ್ ಮಾಡುತ್ತಿದ್ದವರ ಕೈ ಗಾಳಿಯಲ್ಲಿ ನಿಂತಿತು.

"ಬ್ಯಾಡ," ಎಂದಳು ಮತ್ತೆ, ಹಿಂದಕ್ಕೆ ಸರಿದು.

ರಮಣಭಾಯಿಗೆ ತಪ್ಪಿನ ಅರಿವಾಯಿತು. ಒಂದೇ ಬಿಂದಿಗೆ ಬೇಡು ಆಗುವುದಿಲ್ಲವಲ್ಲ. ಹೋಗಿ ದೊಡ್ಡದನ್ನೂ ಎತ್ತಿಕೊಂಡು ಬಂದು ಎರಡನ್ನೂ ಅವಳ ಮುಂದೆ ಚಾಚಿದ.

ಪಾರ್ವತಿ ಎದ್ದು ನಿಂತಳು. ಅಷ್ಟು ತಿಂಗಳಲ್ಲಿ ಅವಳ ದನಿ ಇಷ್ಟು ದೊಡ್ಡದಿದೆ ಎಂದು ಸರಸ್ವತಿಬೆನ್‌ಗೂ ಗೊತ್ತಿರಲಿಲ್ಲ.

"ಬ್ಯಾಡ ಅಂದ್ನೆಲ್ಲ! ಎಷ್ಟ ಸಲ ಹೇಳಬೇಕು ನಿಮಗ? ಆವತ್ತೂ ಬ್ಯಾಡ ಅಂದ್ನಿ, ಕೈ ಹಿಡದು ಎಳಕೊಂಡು ಬಂದ್ಲು!"

ಹಸಿರು ಪರದೆಯ ಆಚೆಯಿಂದ, ಬೀದಿಯ ನಳದ ಬಳಿ ಜಗಳದಲ್ಲಿ ಮಾತಿಗೆ ಮಾತು ಕೊಡುವ ದನಿಯಲ್ಲಿ ಉತ್ತರ ಬಂತು:

"ಒಂದ ಸಲ ಅಂದಿ. ಆಮ್ಯಾಲ ಸುಮ್ನ ಬಂದು ಬಸ್ಸಿನ್ಯಾಗ ಕುಂತಿ. ಕಿಟಕಿ ಸೀಟು ನಾನ ಕೊಟ್ಟಿಲ್ಲೇನು?"

ಕಸ್ತೂರಿಯ ವಕೀಲ ಪರದೆಯ ಕಡೆ ತಿರುಗಿ ನಿಂತ. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಏನೋ ಮುರಿದದ್ದು ಕೇಳಿಸಿರಬೇಕು. ನ್ಯಾಯಾಧೀಶರು ನನ್ನನ್ನು ನೋಡಿದರು. ಆಚೆಯವಳು ಏನೆಂದಳು ಎಂದು ಕೇಳಿದರು. ವಕೀಲ, ಅವಳು ಸಾಕ್ಷಿಯಲ್ಲ, ಅದನ್ನು ಹೇಳಬೇಕಾಗಿಲ್ಲ ಎಂದ.

"ನಿಮ್ಮ ಕಕ್ಷಿದಾರಳಿಗೆ ಕನ್ನಡ ಮರೆತುಹೋಗಿದೆಯಲ್ಲ," ಎಂದರು ನ್ಯಾಯಾಧೀಶರು. "ಹಾಗಾದರೆ ಅವಳು ಆಡಿದ್ದು ಯಾವ ಭಾಷೆ ಎಂದು ತಿಳಿದುಕೊಳ್ಳೋಣ. ಹೇಳಿ, ಬೆನ್."

ನಾನು ಪ್ರಮಾಣ ಮಾಡಿದ್ದೆ. ಈ ಕೋಣೆಯಲ್ಲಿ ಯಾರು ಏನೇ ಆಡಿದರೂ. ಕೂಡಿಸದೆ ಕಳೆಯದೆ, ಕಿಟಕಿ ಸೀಟನ್ನೂ ಬಿಡದೆ ಹೇಳಿದೆ.

ನ್ಯಾಯಾಧೀಶರು ಟೈಪಿಸ್ಟನಿಗೆ ನಿಧಾನವಾಗಿ ಹೇಳಿ ಬರೆಸಿದರು. ಸಾಕ್ಷಿ ಹೇಳಿದ್ದು ಬ್ಯಾಡ, ಕನ್ನಡ ಮಾತು, ಅರ್ಥ ನಿರಾಕರಣೆ. ಅದೇ ಮಾತಿಗೆ ನ್ಯಾಯಾಲಯದ ಜವಾನನು ನ್ಯಾಯಾಲಯದ ಎದುರಿನಲ್ಲೇ ಬಿಂದಿಗೆ ತಂದುಕೊಟ್ಟಿದ್ದನ್ನು ನ್ಯಾಯಾಲಯವೇ ಕಂಡಿದೆ. ಟೈಪಿಸ್ಟ್ ಗುಜರಾತಿಯಲ್ಲಿ ಅದನ್ನು ಹೇಗೆ ಬರೆಯಬೇಕು ಎಂದು ಕೇಳಿದ. 'ಯ' ಸೇರಿಸಿ ಬರಿ ಎಂದರು. ರಮಣಭಾಯಿ ಇಷ್ಟು ಹೊತ್ತೂ ಎರಡು ಬಿಂದಿಗೆ ಹಿಡಿದೇ ನಿಂತಿದ್ದ.

ಕಸ್ತೂರಿಗೆ ಜಾಮೀನು ಸಿಗಲಿಲ್ಲ. ಹುಲಿಗೆವ್ವನ ಹೆಸರು ಆರೋಪಿಗಳ ಸಾಲಿನಿಂದ ಹೋಯಿತು. ಕೇಸು ಮುಗಿಯಲಿಲ್ಲ, ಕರೆದಾಗ ಪಾರ್ವತಿ ಮತ್ತೆ ಬರಬೇಕು, ನಾನೂ ಬರಬೇಕು. ಆದರೆ ಆಶ್ರಯಕೇಂದ್ರದ ಕಾಗದಪತ್ರ ಮುಗಿಸಿ ಅವಳು ತಾಯಿಯ ಜೊತೆ ಊರಿಗೆ ಹೋಗಬಹುದು.

ಮೊಗಸಾಲೆಯಲ್ಲಿ ಹುಲಿಗೆವ್ವ ಮಗಳನ್ನು ಕಂಡು ಎದ್ದಳು. ಓಡಿ ಬರಲಿಲ್ಲ. ಯಾರಾದರೂ ಬೈಯುತ್ತಾರೇನೋ ಎಂದು ಎರಡೂ ಕಡೆ ನೋಡಿ, ಸೆರಗನ್ನು ಸ್ವಲ್ಪ ಅಗಲ ಮಾಡಿ, "ಬಾ," ಎಂದಳು.

ಪಾರ್ವತಿ ಹೋದಳು. ನನ್ನ ಪಕ್ಕದಲ್ಲಿ ನಿಂತಿದ್ದ ಸರಸ್ವತಿಬೆನ್ ಕಣ್ಣು ಒರೆಸಿಕೊಂಡು, ಪಾಪ ಆ ತಾಯಿ, ನಾನೇ ನಿನ್ನ ಬಾ ಎಂದು ಮಗಳಿಗೆ ನೆನಪು ಮಾಡಿಕೊಡುತ್ತಿದ್ದಾಳೆ ಎಂದರು. ಪ್ರಮಾಣ ಕೋಣೆಯ ಒಳಗಿನ ಮಾತಿಗೆ ಮಾತ್ರ ಎಂದುಕೊಂಡು ನಾನು ಸುಮ್ಮನಿದ್ದೆ.

ಹೊರಡಬೇಕೆನ್ನುವಾಗ ಮುದ್ದೆಮಾಲಿನ ಗುಮಾಸ್ತರು ಬಿಂದಿಗೆ ಹಿಡಿದುಕೊಂಡು ಬಂದರು. ಇವನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ, ವಾರಸುದಾರರಿಗೆ ಒಪ್ಪಿಸಬೇಕು. ವಾರಸುದಾರರು ಯಾರು? ದಾಖಲೆಯಲ್ಲಿ ಬಾ ಎಂದಿದೆ. ಬಾ ಇಲ್ಲೇ ಇದ್ದಾಳೆ. ಇವು ಅವಳವಲ್ಲ, ಯಾರದೋ ಎಂದು ನಾನು ಹೇಳಿದೆ. ಹೇಳಿಕೆ ತಪ್ಪೆಂದು ಆದೇಶವಾಗಿದೆ, ಬಿಂದಿಗೆ ತಪ್ಪೆಂದು ಆಗಿಲ್ಲವಲ್ಲ ಎಂದರು ಗುಮಾಸ್ತರು. ಅದಕ್ಕೆ ಬೇರೆ ಅರ್ಜಿ, ಬೇರೆ ತಾರೀಖು. ಪಾರ್ವತಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಬ್ಯಾಡ ಎಂದಳು.

ಹುಲಿಗೆವ್ವ ದೊಡ್ಡ ಬಿಂದಿಗೆಯನ್ನು ತಿರುಗಿಸಿ ತಳ ನೋಡಿದಳು. ಉಗುರಿನಿಂದ ತಟ್ಟಿದಳು.

"ಯಾಕ ಬ್ಯಾಡ? ತಾಮ್ರದ್ದು ಐತಿ," ಎಂದು ಹೆಬ್ಬೆಟ್ಟು ಒತ್ತಿ, ಒಂದನ್ನು ಸೊಂಟಕ್ಕೇರಿಸಿ, ಇನ್ನೊಂದನ್ನು ಪೊಲೀಸಿನವನ ಕೈಗೆ ಕೊಟ್ಟಳು. "ನಡಿ."

ವಡೋದರದ ಕಡೆಯ ರೈಲಿನಲ್ಲಿ ಸೀಟು ಸಿಕ್ಕಿತು. ಹುಲಿಗೆವ್ವ ಕಿಟಕಿಯ ಪಕ್ಕ, ತೊಡೆಯ ಮೇಲೆ ಎರಡೂ ಬಿಂದಿಗೆ ಒಂದರ ಮೇಲೊಂದು, ಭುಜಕ್ಕೆ ಒರಗಿದ ಪಾರ್ವತಿ. ಊರು ದಾಟಿದ ಮೇಲೆ ಸೇತುವೆಯ ಸದ್ದು ಶುರುವಾಯಿತು.

"ಇದ್ಯಾವ ಹೊಳಿರಿ ಅಕ್ಕಾರ?" ಎಂದು ಹುಲಿಗೆವ್ವ ಕೇಳಿದಳು. ತಾಪಿ ಎಂದೆ. ಹೇಳಿದ ಮೇಲೆ ಅವರನ್ನು ಇನ್ನೊಮ್ಮೆ ನೋಡಿದೆ. ಬಾ, ಬೇಡಾ, ನದಿ. ಆ ಹೆಡ್‌ಕಾನ್‌ಸ್ಟೇಬಲ್ ಬರೆದುಕೊಂಡದ್ದರಲ್ಲಿ ಈಗ ಒಂದಕ್ಷರವೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಚಹಾದವನು ಬಂದ. ಒಂದು ಲೋಟ ತುಂಬಿ ಪಾರ್ವತಿಯ ಮುಂದೆ ಹಿಡಿದ.

"ಬ್ಯಾಡ," ಎಂದಳು ಅವಳು.

ನಾನು ಅವನ ಮುಖವನ್ನೇ ನೋಡಿದೆ. ಅವನು ಬಿಂದಿಗೆಯ ಕಡೆ ಕಣ್ಣು ಹಾಯಿಸಲಿಲ್ಲ, ಏನನ್ನೂ ಬರೆದುಕೊಳ್ಳಲಿಲ್ಲ. ಆ ಲೋಟವನ್ನು ಎದುರಿನ ಸೀಟಿನವರಿಗೆ ಕೊಟ್ಟು ಮುಂದಕ್ಕೆ ಹೋದ.